ಇಪ್ಪತ್ತೆರಡನೇ ಪುಟ ಸುಳ್ಳು ಎಂದವಳ ಪರವಾಗಿ

ಮಕ್ಕಳ ಓದು ಅಭಿಯಾನದ ಮಾನ್ಯ ನಿರ್ದೇಶಕರೇ,

ನನ್ನ ಮಗಳಿಗೆ ತಾವು ಕೊಟ್ಟ ಪ್ರಶಸ್ತಿಯನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಪ್ರಶಸ್ತಿ ಸಿಗಲಿಲ್ಲವೆಂದು ಗೋಳಾಡುವ ತಾಯಂದಿರನ್ನು ತಮ್ಮ ಕಚೇರಿ ಬೇಕಾದಷ್ಟು ಕಂಡಿದೆಯಂತೆ. ಸಿಕ್ಕಿಬಿಟ್ಟಿತಲ್ಲ ಎಂದು ಗೋಳಾಡುತ್ತ ಬಂದವಳು ನಾನೇ ಮೊದಲನೆಯವಳು ಎಂದು ತಮ್ಮ ಗುಮಾಸ್ತರು ಹೇಳಿದರು. ನಾನು ಎರಡು ಸಲ ಬಂದೆ, ಎರಡು ಸಲವೂ ತಾವು ಸಭೆಯಲ್ಲಿದ್ದಿರಿ. ಆದ್ದರಿಂದ ನಾಲ್ಕು ಜನಕ್ಕೆ ಕೇಳುವಂತೆ ಹೀಗೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ಒಂದು ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕರಡು ತಿದ್ದುವವಳು. ಆಹ್ವಾನ ಪತ್ರಿಕೆ, ವರದಿ, ಔಷಧಿಯ ಜೊತೆ ಬರುವ ಚೀಟಿ, ಚುನಾವಣೆಯ ಭರವಸೆ, ಎಲ್ಲವೂ ನನ್ನ ಪೆನ್ಸಿಲಿನ ಕೆಳಗೆ ಹಾದುಹೋಗಿವೆ. ತಮ್ಮ ಅಭಿಯಾನದ ಸುತ್ತೋಲೆಯೂ ಹಾದುಹೋಗಿದೆ. ಅದರಲ್ಲಿ ಹನ್ನೊಂದು ತಪ್ಪುಗಳಿದ್ದವು, ಹನ್ನೊಂದನ್ನೂ ತಿದ್ದಿದೆ. 'ಮಕ್ಕಳಲ್ಲಿ ಸ್ವತಂತ್ರ ಚಿಂತನೆಯನ್ನು ಕಡ್ಡಾಯವಾಗಿ ಬೆಳೆಸತಕ್ಕದ್ದು' ಎಂಬ ವಾಕ್ಯವನ್ನು ಮಾತ್ರ ಹಾಗೆಯೇ ಬಿಟ್ಟೆ. ಅದರಲ್ಲಿ ಅಕ್ಷರದ ತಪ್ಪು ಇರಲಿಲ್ಲ. ಆಗ ನಕ್ಕು ಪಕ್ಕದ ಮೇಜಿನವರಿಗೂ ಓದಿ ಹೇಳಿದ್ದೆ. ಆ ನಗು ನನಗೇ ತಿರುಗಿ ಬೀಳುತ್ತದೆಂದು ಗೊತ್ತಿರಲಿಲ್ಲ.

ತಮ್ಮ ಅಭಿಯಾನ ಬರುವ ಮುಂಚೆ ನಮ್ಮ ಬೀದಿಯ ಮಕ್ಕಳು ಓದುತ್ತಿರಲಿಲ್ಲ ಎಂದು ತಾವು ಭಾಷಣದಲ್ಲಿ ಹೇಳಿದಿರಿ. ಬೀದಿಯ ಕೊನೆಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಮಕ್ಕಳ ಗ್ರಂಥಾಲಯವಿದೆ. ಅದನ್ನು ನೋಡಿಕೊಳ್ಳುವ ಹೆಂಗಸನ್ನು ಮಕ್ಕಳು 'ಪುಟದಕ್ಕ' ಎಂದು ಕರೆಯುತ್ತಾರೆ. ಆ ಹೆಸರು ಬಂದದ್ದಕ್ಕೆ ಕಾರಣವಿದೆ. ಶನಿವಾರ ಮಧ್ಯಾಹ್ನ ಮಕ್ಕಳು ಚಾಪೆಯ ಮೇಲೆ ಕುಳಿತು, ತಾವು ಓದಿದ ಪುಸ್ತಕದ ಬಗ್ಗೆ ಬಾಯಿಗೆ ಬಂದದ್ದು ಹೇಳಬಹುದಿತ್ತು. ಚೆನ್ನಾಗಿದೆ, ಬೇಜಾರು, ಭಯವಾಯಿತು, ಬರೆದವರಿಗೆ ಬುದ್ಧಿಯಿಲ್ಲ, ಏನು ಬೇಕಾದರೂ. ಅಲ್ಲಿದ್ದ ನಿಯಮ ಒಂದೇ. ಹೇಳಿದ ಕೂಡಲೇ ಅಕ್ಕ ಕೇಳುತ್ತಿದ್ದಳು: "ಯಾವ ಪುಟ?" ಪುಟ ತೋರಿಸಿದರೆ ಆ ಮಾತು ಸಲ್ಲುತ್ತಿತ್ತು, ತೋರಿಸಲಾಗದಿದ್ದರೆ ಮತ್ತೆ ಓದಿಕೊಂಡು ಬರಬೇಕು. ಒಂದು ಸಲ ಮಳೆಗೆ ಹೆದರಿ ನನ್ನ ಮಗಳನ್ನು ಬೇಗ ಕರೆದುಕೊಂಡು ಬರಲು ಹೋಗಿದ್ದೆ. ಒಬ್ಬ ಹುಡುಗಿಯ ಜೊತೆ ಅವಳಿಗೆ ಜಗಳ ಹತ್ತಿತ್ತು, ಅದೂ ಒಂದು ಕಥೆಯ ಮೊಸಳೆ ಅತ್ತದ್ದು ನಿಜವೋ ನಾಟಕವೋ ಎಂದು. ಇಬ್ಬರೂ ಪುಟ ತಿರುವಿ ತಿರುವಿ ಕಾದಾಡುತ್ತಿದ್ದರು. "ಅಮ್ಮ, ಸುಮ್ನಿರು, ಈಗ ಗೆಲ್ತೀನಿ," ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಒಂಬತ್ತು ವರ್ಷದ ಹುಡುಗಿ, ಮಾನ್ಯರೇ. ಯಾರ ಮುಖವನ್ನೂ ನೋಡದೆ ಮಾತಾಡುತ್ತಿದ್ದವಳು.

ಆಮೇಲೆ ತಮ್ಮ ನಮೂನೆ ಬಂತು. ಪುಸ್ತಕದ ಹೆಸರು, ಒಟ್ಟು ಪುಟಗಳು, ನನಗೆ ಇಷ್ಟವಾದ ಪಾತ್ರ, ನಾನು ಕಲಿತ ನೀತಿ, ಈ ಪುಸ್ತಕವನ್ನು ಗೆಳೆಯರಿಗೆ ಏಕೆ ಶಿಫಾರಸು ಮಾಡುತ್ತೇನೆ. ಐದು ಚೌಕಗಳು. ಪುಸ್ತಕ ಇಷ್ಟವಾಗದಿದ್ದರೆ ಯಾವ ಚೌಕದಲ್ಲಿ ಬರೆಯಬೇಕು? ಅರ್ಧ ಇಷ್ಟವಾಗಿ ಅರ್ಧ ಆಗದಿದ್ದರೆ? ಓದಿ ಮುಗಿಸಿದ ಮೇಲೆ ಏನೂ ತೋಚದೆ ಕಿಟಕಿಯಾಚೆ ನೋಡುತ್ತ ಕುಳಿತುಬಿಟ್ಟರೆ? ತಮ್ಮ ಕಚೇರಿಯಲ್ಲಿ ಕೊನೆಯ ಸಲ ಒಂದು ಕಥೆ ಓದಿದವರು ಯಾರು ಎಂದು ನನಗೆ ಕುತೂಹಲವಿದೆ, ಉತ್ತರ ಕಡ್ಡಾಯವಲ್ಲ. ಶನಿವಾರದ ಚಾಪೆ ಸುತ್ತಿ ಮೂಲೆಗೆ ಸೇರಿತು, ನಮೂನೆ ತುಂಬಿಸುವುದೇ ಪುಟದಕ್ಕನ ಕೆಲಸವಾಯಿತು.

ನನ್ನ ಮಗಳು ಓದಿದ್ದು ಒಂದು ಮೇಕೆಮರಿಯ ಕಥೆ. ಮರಿ ತಾಯಿಯ ಮಾತು ಕೇಳದೆ ಬೇಲಿ ದಾಟುತ್ತದೆ, ಹೊಳೆಯವರೆಗೆ ಹೋಗುತ್ತದೆ, ಹೆದರಿ ಮನೆಗೆ ಬರುತ್ತದೆ, ಇನ್ನು ಯಾವತ್ತೂ ಬೇಲಿ ದಾಟುವುದಿಲ್ಲ ಎಂದು ಆಣೆ ಮಾಡುತ್ತದೆ. ಇಪ್ಪತ್ತನಾಲ್ಕು ಪುಟ. ಮಗಳು ಚೌಕಗಳನ್ನೆಲ್ಲ ಖಾಲಿ ಬಿಟ್ಟು ಹಾಳೆಯ ಹಿಂಬದಿಯಲ್ಲಿ ಬರೆದಿದ್ದಳು. ಅದು ಕೆಂಪು ಮೊಹರು ಹೊತ್ತು ವಾಪಸು ಬಂತು: 'ನೀತಿ ನಮೂದಿಸಿಲ್ಲ. 22ನೇ ಪುಟ ಸುಳ್ಳು ಎಂಬಂಥ ನಕಾರಾತ್ಮಕ ಅಂಶಗಳಿವೆ. ಪೋಷಕರ ನೆರವಿನಿಂದ ತಿದ್ದಿ, ಮೂಲ ಪ್ರತಿಯೊಂದಿಗೆ ಮರುಸಲ್ಲಿಸುವುದು.'

ಇಲ್ಲಿಂದ ಮುಂದಿನದ್ದನ್ನೂ ತಮ್ಮ ತಲೆಗೇ ಕಟ್ಟಿದರೆ, ಮಂಗ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಾಗುತ್ತದೆ. ತಿದ್ದಿದವಳು ನಾನು. ನನಗೆ ಕಸುಬು ಕಲಿಸಿದ ಹಿರಿಯರು ಒಂದು ಮಾತು ಹೇಳುತ್ತಿದ್ದರು: ಕರಡು ತಿದ್ದುವವರು ಅಕ್ಷರ ಓದಬೇಕು, ಅರ್ಥ ಓದಬಾರದು, ಅರ್ಥದ ಹಿಂದೆ ಹೋದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ತರಕಾರಿ ಸಿಪ್ಪೆ ಪಕ್ಕಕ್ಕೆ ಸರಿಸಿ, ಮಗಳ ಹಾಳೆಯಲ್ಲೂ ಅಕ್ಷರವನ್ನಷ್ಟೇ ನೋಡಿದೆ. ಮೂರು ಕಾಗುಣಿತದ ತಪ್ಪು, ಒಂದು ಒತ್ತಕ್ಷರ ಬಿಟ್ಟುಹೋಗಿದೆ, ಚೌಕ ಖಾಲಿ. ಇಪ್ಪತ್ತು ನಿಮಿಷದಲ್ಲಿ ಹೊಸದು ಬರೆದುಕೊಟ್ಟೆ. ಇಷ್ಟವಾದ ಪಾತ್ರ: ತಾಯಿ ಮೇಕೆ. ನೀತಿ: ಹಿರಿಯರ ಮಾತು ಮೀರಬಾರದು.

"ಅಮ್ಮ, ನಂಗೆ ಹಾಗನ್ನಿಸ್ಲಿಲ್ವಲ್ಲ," ಎಂದಳು.

"ಅನ್ನಿಸೋದು ಬೇರೆ, ಬರ್ಯೋದು ಬೇರೆ ಕಣೇ. ನಾಳೆ ಕೊನೇ ದಿನ, ಬೇಗ ನಕಲು ಮಾಡು."

"ಪುಟ ಹಾಕ್ಬೇಡ್ವಾ?"

"ಪುಟ ಯಾರೂ ಕೇಳಿಲ್ಲ."

ದುಂಡು ಅಕ್ಷರದಲ್ಲಿ ನಕಲು ಮಾಡಿದಳು. ಒಂದೂ ತಪ್ಪಿರಲಿಲ್ಲ. ನಾನು ಬೆನ್ನು ತಟ್ಟಿ, ಒಲೆಯ ಮೇಲಿದ್ದದ್ದು ಹೊತ್ತಿತೆಂದು ಓಡಿದೆ.

ಅದಕ್ಕೆ ತಾವು ಮೊದಲ ಬಹುಮಾನ ಕೊಟ್ಟಿರಿ. ಸಭಾಂಗಣದಲ್ಲಿ ಅವಳು ವೇದಿಕೆ ಹತ್ತಿ 'ತನ್ನ' ಅಭಿಪ್ರಾಯವನ್ನು ಓದಿದಳು. ರೈಲು ನಿಲ್ದಾಣದಲ್ಲಿ ಗಾಡಿ ಬರುವ ಹೊತ್ತು ಹೇಳುತ್ತಾರಲ್ಲ, ಆ ದನಿಯಲ್ಲಿ. ಚಪ್ಪಾಳೆ ಬಿತ್ತು. ತಾವು ಅವಳ ತಲೆ ನೇವರಿಸಿ ಕೇಳಿದಿರಿ, "ಪುಸ್ತಕ ಚೆನ್ನಾಗಿತ್ತಾ ಪುಟ್ಟಿ?" ತಮಗೆ ನೆನಪಿರಲಾರದು, ಅಂದು ನಲವತ್ತು ತಲೆ ನೇವರಿಸಿದ್ದಿರಿ. ನನಗೆ ನೆನಪಿದೆ. ಅವಳು ಮೂರನೇ ಸಾಲಿನಲ್ಲಿ ಕುಳಿತಿದ್ದ ನನ್ನನ್ನು ಹುಡುಕಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಮೇಲೆ ಅವಳೂ ತಲೆಯಾಡಿಸಿದಳು. ಮೊಸಳೆಯ ಕಣ್ಣೀರಿಗಾಗಿ ಕಾದಾಡಿದ ಹುಡುಗಿ, ಒಂದು ಪುಸ್ತಕ ಚೆನ್ನಾಗಿತ್ತೋ ಇಲ್ಲವೋ ಎಂದು ತಾಯಿಯ ಮುಖದಲ್ಲಿ ಹುಡುಕುತ್ತಿದ್ದಳು. ತಾವು ನಕ್ಕು ಹೂಗುಚ್ಛ ಕೊಟ್ಟಿರಿ. ನಾನೂ ಎಲ್ಲರ ಜೊತೆ ನಿಂತು ಫೋಟೋ ತೆಗೆಸಿಕೊಂಡೆ.

ಮುಂದಿನ ತಿಂಗಳು ಹೊಸ ಪುಸ್ತಕ ತಂದಳು. ಬಿಚ್ಚಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಅಮ್ಮ, ಇದಕ್ಕೆ ಏನನ್ನಿಸ್ಬೇಕು?"

ಮಾನ್ಯರೇ, ದಯವಿಟ್ಟು ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಏನು ಬರೆಯಬೇಕು ಎಂದಲ್ಲ, ಏನನ್ನಿಸಬೇಕು. ಓದುವ ಮೊದಲೇ. "ಓದು, ನಿಂಗೇ ಗೊತ್ತಾಗುತ್ತೆ," ಎಂದೆ. "ನಂಗೆ ಗೊತ್ತಾಗಿದ್ದು ತಪ್ಪಾಗುತ್ತಲ್ಲ," ಎಂದಳು. ಅವಳ ದನಿಯಲ್ಲಿ ಮುನಿಸೂ ಇರಲಿಲ್ಲ. ಮುನಿಸಿದ್ದರೆ ಸಮಾಧಾನ ಮಾಡಬಹುದಿತ್ತು. ಆ ಪುಸ್ತಕ ಕಪಾಟಿನ ಮೇಲೆ ಹಾಗೆಯೇ ಇದೆ. ಅವಳು ಈಗ ನನ್ನ ಮೊಬೈಲು ನೋಡುತ್ತಾಳೆ. ಅದು ಅವಳ ಅಭಿಪ್ರಾಯ ಕೇಳುವುದಿಲ್ಲ, ಹಾಗಾಗಿ ತಿದ್ದುವುದೂ ಇಲ್ಲ. ಮಕ್ಕಳು ಪುಸ್ತಕ ಬಿಟ್ಟು ಮೊಬೈಲು ಹಿಡಿಯುತ್ತಿದ್ದಾರೆ ಎಂದು ತಾವು ಕಳವಳಪಟ್ಟ ಲೇಖನವೂ ಮೊನ್ನೆ ನನ್ನ ಮೇಜಿಗೇ ಬಂತು. ತಿದ್ದಿ ಕಳಿಸಿದ್ದೇನೆ.

ಮರುಸಲ್ಲಿಸುವಾಗ ಜೊತೆಗೆ ಕೊಟ್ಟಿದ್ದ, ಅವಳು ಮೊದಲು ಬರೆದ ಹಾಳೆಯನ್ನಾದರೂ ತಂದುಕೊಡೋಣವೆಂದು ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. "ತಿರಸ್ಕಾರ ಆಗಿದ್ದು ವಾಪಸ್ ಕೊಡೋ ಪದ್ಧತಿ ಇಲ್ಲಮ್ಮ. ಬೇಕು ಅಂತ ಅರ್ಜಿ ಹಾಕ್ತೀನಿ ಅಂದ್ರೆ ಅದಕ್ಕೆ ನಮೂನೆನೂ ಇಲ್ಲ," ಎಂದರು. ಎರಡನೇ ಸಲ ಹೋದಾಗ ನನ್ನ ಮುಖ ನೋಡಿ ಪಾಪ ಎನ್ನಿಸಿರಬೇಕು. ಕೀಲಿ ತೆಗೆದು ಉಗ್ರಾಣ ತೋರಿಸಿದರು. "ಇಲ್ಲೇ ನೋಡ್ಕೊಳ್ಳಿ, ತಗೊಂಡ್ ಹೋಗಂಗಿಲ್ಲ. ತಿಂಗಳ ಕೊನೆಗೆ ಎಲ್ಲಾ ರದ್ದಿಗೆ ಹೋಗುತ್ತೆ."

ಗೋಡೆಯುದ್ದಕ್ಕೂ ಕಟ್ಟುಗಳು. ಒಂದೊಂದಾಗಿ ಬಿಚ್ಚುತ್ತ ಹೋದೆ. ನನ್ನ ಮಗಳದ್ದು ಸಿಗುವ ಮೊದಲು ಬೇರೆ ಮಕ್ಕಳು ಸಿಕ್ಕಿದರು. 'ಈ ಪುಸ್ತಕದಲ್ಲಿ ಎಲ್ಲರೂ ಒಳ್ಳೆಯವರು, ನನಗೆ ನಿದ್ದೆ ಬಂತು.' 'ರಾಣಿಗೆ ಹನ್ನೆರಡು ಮಕ್ಕಳು. ಅವಳಿಗೆ ಸುಸ್ತಾಗಿದೆಯಾ ಅಂತ ರಾಜ ಕೇಳಬೇಕಿತ್ತು.' 'ಅಜ್ಜಿ ಸಾಯುವ ಎರಡು ಪುಟ ಅಂಟಿಸಿಬಿಟ್ಟಿದ್ದೇನೆ, ತಮ್ಮ ಓದಿದರೆ ಅಳುತ್ತಾನೆ, ಕ್ಷಮಿಸಿ.' ಎಲ್ಲದರ ಮೇಲೂ ಕೆಂಪು ಮೊಹರು. ಇವರು ನಿಜವಾಗಿ ಓದಿದ ಮಕ್ಕಳು, ಮಾನ್ಯರೇ. ತಮ್ಮ ಅಭಿಯಾನ ಗೆದ್ದದ್ದು ಈ ಉಗ್ರಾಣದಲ್ಲಿ, ತಾವು ಅದಕ್ಕೆ ಬೀಗ ಹಾಕಿಸಿದ್ದೀರಿ.

ಕೊನೆಗೆ ನನ್ನ ಮಗಳ ಹಾಳೆ ಸಿಕ್ಕಿತು. ನೆಲದ ಮೇಲೆ ಕುಳಿತು ಮೊದಲ ಬಾರಿಗೆ ಓದಿದೆ. ಮನೆಗೆ ತರಲು ಬಿಡಲಿಲ್ಲವಾದ್ದರಿಂದ ಬಸ್ ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದುಕೊಂಡೆ. ಇದು ಅವಳ ಅಭಿಪ್ರಾಯ:

'ಮರಿ ಬೇಲಿ ದಾಟಿದ್ದು ನನಗೆ ಇಷ್ಟ. ಹೊಳೆ ಒಂದೇ ಪುಟ ಇದೆ, ಪುಟ 14. ಇನ್ನೂ ಬೇಕಿತ್ತು. ಪುಟ 22ರಲ್ಲಿ ಮರಿ ಇನ್ನು ಯಾವತ್ತೂ ಹೋಗಲ್ಲ ಅನ್ನುತ್ತೆ. ಅದು ಸುಳ್ಳು. ಅಮ್ಮ ಮೇಕೆ ತುಂಬಾ ಬೈಯಿತು, ಆದರೆ ಹೊಳೆ ಹತ್ತಿರ ಏನು ನೋಡಿದೆ ಅಂತ ಕೇಳಲೇ ಇಲ್ಲ. ಕೇಳಿದ್ದರೆ ಮರಿ ಸುಳ್ಳು ಹೇಳುತ್ತಿರಲಿಲ್ಲ.'

ತಿದ್ದಲು ನನ್ನ ಕೈ ಪೆನ್ಸಿಲಿನ ಕಡೆಗೆ ಹೋಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಈ ಮಾತು ಬರೆದ ಮಗುವಿನ ಕೈಯಲ್ಲೇ 'ಇಷ್ಟವಾದ ಪಾತ್ರ: ತಾಯಿ ಮೇಕೆ' ಎಂದು ಬರೆಸಿದ್ದೆನಲ್ಲ ಎಂದು ನೆನೆದು, ಆ ಧೂಳಿನಲ್ಲೇ ಕುಳಿತು ಅತ್ತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಗುಮಾಸ್ತರು ನೀರು ತಂದುಕೊಟ್ಟರು. "ಮಕ್ಕಳು ಏನೇನೋ ಬರೀತಾರಮ್ಮ, ಮನಸ್ಸಿಗೆ ಹಚ್ಕೋಬೇಡಿ," ಎಂದರು. ಹಚ್ಚಿಕೊಳ್ಳಲೆಂದೇ ತಾನೇ ಅವರು ಬರೆದದ್ದು?

ಆದ್ದರಿಂದ ನನ್ನ ಒತ್ತಾಯವಿಷ್ಟು. ತಮ್ಮ ಕಚೇರಿಯ ಹಜಾರದಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಿರುವ ಆ ಪ್ರಶಸ್ತಿಯ ಹಾಳೆಯನ್ನು ಕೆಳಗಿಳಿಸಿ. ಅದು ನನ್ನದು, ನಾನು ನಾಲ್ಕನೇ ತರಗತಿಯಲ್ಲಿಲ್ಲ. ತಿಂಗಳ ಕೊನೆಯೊಳಗೆ ಉಗ್ರಾಣದ ಕಟ್ಟುಗಳನ್ನು ಬಿಚ್ಚಿಸಿ, ಬರೆದ ಮಕ್ಕಳಿಗೇ, ಅವರ ಕೈಗೇ ತಲುಪಿಸಿ. ಪೋಷಕರ ಕೈಗೆ ಬೇಡ, ನಮ್ಮನ್ನು ನಂಬುವ ಹಾಗಿಲ್ಲ. ನಮೂನೆಯನ್ನು ರದ್ದಿಗೆ ಹಾಕಿ, ಪುಟದಕ್ಕನ ಚಾಪೆಯನ್ನು ಮತ್ತೆ ಬಿಡಿಸಿ. ಒಂದು ಶನಿವಾರ ತಾವೂ ಬಂದು ಕುಳಿತು ಒಂದು ಪುಸ್ತಕದ ಬಗ್ಗೆ ಮಾತಾಡಿ. ಆದರೆ ಓದಿಕೊಂಡು ಬನ್ನಿ, ಅಕ್ಕ ಪುಟ ಕೇಳುತ್ತಾಳೆ.

ಉಗ್ರಾಣದಿಂದ ಬಂದ ದಿನ ಮಗಳ ಪಕ್ಕದಲ್ಲಿ ಕುಳಿತು ಕೇಳಿದೆ, "ಮೇಕೆಮರಿ ಹೊಳೆ ಹತ್ರ ಏನು ನೋಡ್ತು?"

ನನ್ನ ಮುಖ ನೋಡಿದಳು. "ಬರೀಬೇಕಾ, ಸುಮ್ನೆ ಹೇಳಿದ್ರೆ ಸಾಕಾ?"

"ಹೇಳಿದ್ರೆ ಸಾಕು."

"ತಿದ್ದಲ್ವಾ?"

"ಇಲ್ಲ."

"ಆಮೇಲೆ ಹೇಳ್ತೀನಿ," ಎಂದಳು.

ಇವತ್ತಿಗೆ ಹದಿನೇಳು ದಿನ. ದಿನಾ ಕೆಲಸ ಮುಗಿಸಿ ಬಂದು ಅವಳ ಪಕ್ಕ ಕುಳಿತುಕೊಳ್ಳುತ್ತೇನೆ. ಇನ್ನೂ ಹೇಳಿಲ್ಲ.

ಇಂತಿ,
ಏನು ನೋಡಿದೆ ಎಂದು ಹೊತ್ತು ಮೀರಿದ ಮೇಲೆ ಕೇಳಿದ
ತಾಯಿ ಮೇಕೆ