ಅರವತ್ತೈದು ನಿಮಿಷ

ಮಾರ್ಚ್ 10, ಸೋಮವಾರ

ಬೆಳಿಗ್ಗೆಯಿಂದ ಪ್ರಿಂಟರಿಗೆ ಮುನಿಸು. ಮೂರು ಟಿಕೆಟ್, ಎರಡು ಕ್ಯಾನ್ಸಲ್. ಹೊಸದಾಗಿ ಮದುವೆಯಾದವನೊಬ್ಬ ಕಿಟಕಿ ಸೀಟು ತನಗೇ ಬೇಕೆಂದು ಹಟ ಹಿಡಿದ. ಹೆಂಡತಿ ಪಕ್ಕದಲ್ಲೇ ಇದ್ದಳು, ಮುಖ ಸಣ್ಣಗೆ ಮಾಡಿಕೊಂಡು. ಹಿಂದೆ ಮುಂದೆ ಎರಡು ಕಿಟಕಿ ಕೊಟ್ಟು ಕಳಿಸಿದೆ. ನನ್ನ ಕೈಲಾದ ಸಮಾಜಸೇವೆ.

ನೀಲಿಬಾಲದ್ದು ಇವತ್ತಿಗೆ ಹನ್ನೊಂದಾಯಿತು. (ವಿಮಾನದ ಬಾಲದ ಬಣ್ಣದಲ್ಲೇ ಕರೆದು ಕರೆದು ಏರ್‌ಲೈನಿನ ನಿಜವಾದ ಹೆಸರು ಗಿರಾಕಿಯೆದುರು ಮರೆತೇ ಹೋಗುತ್ತದೆ.) ತಿಂಗಳ ಕೊನೆಯೊಳಗೆ ಅಟ್ಲಾಂಟಿಕ್ ದಾಟುವ ಟಿಕೆಟ್ ಹನ್ನೆರಡು ಮಾಡಿದ ಏಜೆಂಟಿಗೆ ಆಚೆ ದಡಕ್ಕೆ ಐದು ದಿನದ ಪ್ರವಾಸ. ಅವರದೇ ಸೀಟು, ಅವರದೇ ಹೋಟೆಲು. ಇನ್ನೊಂದೇ ಒಂದು ಬೇಕು.

ಹತ್ತೊಂಬತ್ತು ವರ್ಷದಿಂದ ಊರವರನ್ನೆಲ್ಲ ಹಾರಿಸಿದ್ದೇನೆ. ನಾನು ಮಾತ್ರ ನೆಲ ಬಿಟ್ಟವಳಲ್ಲ. ದೀಪದ ಬುಡದಲ್ಲೇ ಕತ್ತಲು ಅಂತ ನಮ್ಮ ಟ್ರಾವೆಲ್ಸ್ ಅಂಗಡಿಯ ಯಜಮಾನರು ಎಲ್ಲರೆದುರೂ ತಮಾಷೆ ಮಾಡುತ್ತಾರೆ. ನಗುತ್ತೇನೆ. ಒಳಗೆ ಚುರುಕ್ ಅನ್ನುತ್ತದೆ.

ಸಂಜೆ ‘ತಪ್ಪಿದವರ ಪುಸ್ತಕ’ದಲ್ಲಿ ಒಂದು ಸಾಲು ಬರೆದೆ. ಯಜಮಾನರ ಕಟ್ಟುನಿಟ್ಟು ಅದು. ನಾವು ಮಾಡಿದ ಟಿಕೆಟಿನಲ್ಲಿ ಯಾರಿಗಾದರೂ ನಡುದಾರಿಯ ವಿಮಾನ ತಪ್ಪಿದರೆ, ಟಿಕೆಟ್ ಮಾಡಿದವರೇ ಸ್ವಂತ ಕೈಯಲ್ಲಿ ಕಾರಣ ಬರೆಯಬೇಕು. ಪುಸ್ತಕವನ್ನು ದಾರ ಕಟ್ಟಿ ಗೋಡೆಗೆ ನೇತುಹಾಕಿದ್ದಾರೆ, ಯಾರೂ ಮನೆಗೆ ಒಯ್ಯದಿರಲಿ ಅಂತ. ಇಂದಿನದು ಸುಲಭ: ‘ಮಂಜು’.

ಮಾರ್ಚ್ 13, ಗುರುವಾರ

ಮನೆಗೆ ಬಂದಾಗ ಅತ್ತಿಗೆ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು. ನೋಡಿಯೂ ನೋಡಿರಲಿಲ್ಲ.

ಆಚೆ ಕಡೆ ಅವರ ಅಕ್ಕ. ಸಮುದ್ರದಾಚೆ ಇರುವವರು. ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ—ತಾಯಿಯ ಕೊನೆಗಾಲದಲ್ಲಿ ಯಾರು ಮಾಡಿದರು, ಯಾರು ಮಾಡಲಿಲ್ಲ ಅನ್ನುವ ಜಗಳ. ಈಗ ಅಕ್ಕನಿಗೆ ಹೃದಯದ ಆಪರೇಷನ್. 27ರ ಬೆಳಿಗ್ಗೆ ಎಂಟಕ್ಕೆ.

“ಒಳಗೆ ಹೋಗೋಕ್ ಮುಂಚೆ ಬಾ ಅಂದ್ಲು ಕಣೆ ಪುಟ್ಟಿ. ಚಿಕ್ಕೋಳಿದ್ದಾಗ ನಿಂಗೆ ದಿನಾ ಜಡೆ ಹಾಕ್ತಿದ್ದೆ, ಈಗ ಒಂದ್ಸಲ ನೀನ್ ಹಾಕು ಅಂದ್ಲು...” ಅಲ್ಲಿಗೆ ನಿಲ್ಲಿಸಿ ಸೆರಗಿನಲ್ಲಿ ಮೂಗೊರೆಸಿಕೊಂಡರು. “ಟಿಕೆಟ್ ನೀನೇ ನೋಡು. ನಂಗೇನ್ ಗೊತ್ತಾಗುತ್ತೆ? ಹತ್ತು ಅಂದ ಕಡೆ ಹತ್ತುತೀನಿ, ಇಳಿ ಅಂದ ಕಡೆ ಇಳೀತೀನಿ.”

ಅಮ್ಮ ಹೋದಾಗ ನನಗೆ ಹನ್ನೊಂದು. ಅತ್ತಿಗೆ ಈ ಮನೆಗೆ ಬಂದು ಆಗಿನ್ನೂ ಎರಡು ತಿಂಗಳು. ಮಾರನೆಯ ದಿನದಿಂದ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು ಅವರೇ. ಅಣ್ಣನಿಗೆ ಅದೆಲ್ಲ ಎಲ್ಲಿ ಬರಬೇಕು.

ಮಾರ್ಚ್ 17, ಸೋಮವಾರ

ವೀಸಾ ಕಚೇರಿಯವರು ಪಾಸ್‌ಪೋರ್ಟ್ 25ರ ಸಂಜೆ ಕೊಡುತ್ತಾರಂತೆ. ಅಂದರೆ 26ರ ಬೆಳಿಗ್ಗೆ ಹೊರಡಲೇಬೇಕು. ಎರಡೇ ದಾರಿ.

ಹಸಿರುಬಾಲ: ಇಲ್ಲಿಂದ ಹತ್ತೂವರೆ. ನಡುವೆ ನಾಲ್ಕೂಕಾಲು ಗಂಟೆ ಕಾಯಬೇಕು. ಅಕ್ಕನ ಬಾಗಿಲು ತಟ್ಟುವಾಗ ರಾತ್ರಿ ಹನ್ನೊಂದು.

ನೀಲಿಬಾಲ: ಹತ್ತು ಗಂಟೆ. ನಡುವೆ ಅರವತ್ತೈದು ನಿಮಿಷ, ಟರ್ಮಿನಲ್ ಬೇರೆ ಬೇರೆ. ಸಂಜೆ ಆರಕ್ಕೇ ಇಳಿಯಬಹುದು.

ಬೇರೆ ಗಿರಾಕಿಯಾಗಿದ್ದರೆ ಎರಡು ಮಾತಿಲ್ಲದೆ ಹಸಿರು ಅನ್ನುತ್ತಿದ್ದೆ. ಅತ್ತಿಗೆಯ ಬಲಮೊಣಕಾಲು ಮಹಡಿ ಮೆಟ್ಟಿಲಿಗೇ ಮುಷ್ಕರ ಹೂಡುತ್ತದೆ. ಆದರೆ ಸಂಜೆಯೇ ಸೇರಿದರೆ ಅಕ್ಕನ ಜೊತೆ ಕೂತು ಮಾತಾಡಬಹುದಲ್ಲ. ಒಂಬತ್ತು ವರ್ಷದ ಮಾತು. ರಾತ್ರಿ ಹನ್ನೊಂದಕ್ಕೆ ಹೋದರೆ ರೋಗಿಯನ್ನು ಎಬ್ಬಿಸುವುದುಂಟೇ?

ಇದು ನಿಜವಾದ ಕಾರಣ. ನಿಜವಾದ ಕಾರಣವೇ. ನೀಲಿಬಾಲದ ಹನ್ನೊಂದು ಟಿಕೆಟ್ ಇನ್ನೂ ಹನ್ನೊಂದೇ ಆಗಿದೆ, ವಾರದಿಂದ ಒಬ್ಬರೂ ಬಂದಿಲ್ಲ—ಅದು ಬೇರೆ ವಿಷಯ.

ಮಾರ್ಚ್ 18, ಮಂಗಳವಾರ, ಮಧ್ಯಾಹ್ನ 1.30

ಯಜಮಾನರು ಊಟಕ್ಕೆ ಹೋಗಿದ್ದಾಗ ನೀಲಿಬಾಲದಲ್ಲಿ ಅತ್ತಿಗೆಯ ಹೆಸರು ಹಾಕಿದೆ. ವೀಲ್‌ಚೇರ್ ಕೋಡ್ ಕೂಡ ಹಾಕಿದೆ. ಪರದೆಯ ಮೇಲೆ ಕೆಂಪಕ್ಷರ ಬಂತು—ವೀಲ್‌ಚೇರ್ ಪ್ರಯಾಣಿಕರಿಗೆ ನಡುವೆ ಎರಡು ಗಂಟೆಯಾದರೂ ಬೇಕು, ಈ ಜೋಡಣೆ ಕೊಡಲಾಗದು.

ಕೋಡ್ ತೆಗೆದೆ. ಕೆಂಪು ಹೋಯಿತು. ಟಿಕೆಟ್ ಬಂತು.

ಇಷ್ಟೇ. ಬರೆದರೆ ಮೂರು ಸಾಲೂ ಆಗಲಿಲ್ಲ.

ಮನೆಯಲ್ಲಿ ಹೇಳಿದೆ, “ಕುರ್ಚಿ ಬೇಕಂದ್ರೆ ಅಲ್ಲಿ ಇಳಿದ ತಕ್ಷಣ ಕೇಳಿ ಅತ್ತಿಗೆ, ಕೊಡ್ತಾರೆ.” ಕೊಡುತ್ತಾರೆ, ಹೌದು. ಎಷ್ಟು ಹೊತ್ತಿಗೆ ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಹನ್ನೆರಡು.

ಮಾರ್ಚ್ 26, ಬುಧವಾರ, ಬೆಳಿಗ್ಗೆ 10.40

ಹೊರಟರು. ವಿಮಾನ ಹದಿನೈದು ನಿಮಿಷ ತಡ. ಹದಿನೈದು ಏನಲ್ಲ, ಗಾಳಿಯಲ್ಲಿ ಸರಿದೂಗಿಸಿಬಿಡುತ್ತಾರೆ.

ಅತ್ತಿಗೆ ಕೈಚೀಲದಲ್ಲಿ ಅಗಲ ಹಲ್ಲಿನ ಬಾಚಣಿಗೆ ಇಟ್ಟುಕೊಂಡಿದ್ದರು. ತಪಾಸಣೆಯವಳು ತೆಗೆದು ತಿರುಗಿಸಿ ನೋಡಿದಳು. “ನಮ್ಮಕ್ಕನಿಗಮ್ಮ,” ಅಂದರು ಇವರು, ಅವಳೇನೋ ಕೇಳಿದಳು ಎನ್ನುವ ಹಾಗೆ.

ಮಧ್ಯಾಹ್ನ 3.20

ತಪ್ಪಿತು.

ನಡುದಾರಿಯ ಕೌಂಟರಿನಿಂದ ಅತ್ತಿಗೆಯ ಫೋನ್. ಏದುಸಿರು ಇನ್ನೂ ಇಳಿದಿರಲಿಲ್ಲ. ಕುರ್ಚಿ ಕೇಳಿದರಂತೆ. ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ನಲವತ್ತು ನಿಮಿಷ ಕಾಯಿರಿ ಅಂದರಂತೆ. ಕಾಯದೆ ನಡೆದಿದ್ದಾರೆ. ಮತ್ತೊಮ್ಮೆ ತಪಾಸಣೆ, ಒಂದು ರೈಲು, ಒಂದು ಮೆಟ್ಟಿಲು.

“ಬಾಗಿಲು ಮುಚ್ಚಿಬಿಟ್ಟಿದ್ರು ಕಣೆ. ಪ್ಲೇನು ಗಾಜಿನಾಚೆ ಅಲ್ಲೇ ನಿಂತಿತ್ತು. ಕೈ ಮುಗಿದೆ. ಆಗಲ್ಲ ಅಂದ್ರು. ಇನ್ನೇನ್ ಮಾಡ್ಲಿ ಹೇಳು?”

ಮುಂದಿನದು ನಾಳೆ ಇದೇ ಹೊತ್ತಿಗೆ. ಹಸಿರುಬಾಲ ಅದೇ ಏರ್‌ಪೋರ್ಟಿನಿಂದ ಇವತ್ತು ಸಂಜೆ ಹೊರಡುತ್ತದೆ. ಆರು ಸಲ ನೋಡಿದೆ. ಫುಲ್. ಅವತ್ತು ಒಂಬತ್ತು ಸೀಟು ಖಾಲಿ ಇತ್ತು.

“ಪಕ್ಕದ ಹೋಟೆಲಿಗೆ ಕಳಿಸ್ತಾರೆ, ಗಾಬರಿಯಾಗ್ಬೇಡಿ ಅತ್ತಿಗೆ” ಅಂದೆ. ಎಂಥಾ ಸಮಾಧಾನ! ಮನೆ ಸುಟ್ಟವಳು ಬಿಂದಿಗೆ ಹಿಡಿದು ಬಂದ ಹಾಗೆ.

ಮಾರ್ಚ್ 27, ಗುರುವಾರ

ಅಲ್ಲಿಯ ಎಂಟು ಗಂಟೆ ಇಲ್ಲಿ ಯಾವಾಗ ಎಂದು ಲೆಕ್ಕ ಹಾಕಿ ಗಡಿಯಾರವನ್ನೇ ನೋಡುತ್ತ ಕೂತೆ. ಗಿರಾಕಿಯೊಬ್ಬರು ಎರಡು ಸಲ ಕರೆದರಂತೆ. ಕೇಳಲಿಲ್ಲ.

ಅಕ್ಕನ ಮಗಳು ಅಣ್ಣನಿಗೆ ಫೋನ್ ಮಾಡಿದ್ದಳು. ಒಳಗೆ ಒಯ್ಯುವವರೆಗೂ ಬಾಗಿಲು ನೋಡುತ್ತಿದ್ದರಂತೆ. ತಲೆಗೆ ಟೋಪಿ ಹಾಕಲು ಬಂದ ನರ್ಸಿಗೆ, “ಸ್ವಲ್ಪ ತಡಿಯಮ್ಮ, ನನ್ ತಂಗಿ ಬರ್ತಾಳೆ,” ಅಂದರಂತೆ.

ಅಣ್ಣ ಇದನ್ನು ಸುದ್ದಿ ಅಂತ ಹೇಳಿದ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮಾರ್ಚ್ 29, ಶನಿವಾರ

ಇವತ್ತು ಮೇಷ್ಟರೊಬ್ಬರು ತಾವಾಗಿಯೇ ನೀಲಿಬಾಲ ಕೇಳಿಕೊಂಡು ಬಂದರು. ಸಮುದ್ರದಾಚೆಗೆ. ನಾನೇನೂ ಹೇಳುವ ಮೊದಲೇ. ಹದಿಮೂರು.

ಹನ್ನೊಂದು ದಿನ ಸುಮ್ಮನಿದ್ದಿದ್ದರೆ ಸಾಕಿತ್ತು. ಅತ್ತಿಗೆಯ ಟಿಕೆಟ್ ಬೇಕಾಗಿಯೇ ಇರಲಿಲ್ಲ. ಮೇಷ್ಟರ ಹೆಸರನ್ನೇ ತಪ್ಪು ಬರೆದು ಮತ್ತೆ ತಿದ್ದಿದೆ.

ಏಪ್ರಿಲ್ 2, ಬುಧವಾರ

ಅಕ್ಕ ಭಾನುವಾರ ಹೋದರು. ಎಚ್ಚರವಾಗಲೇ ಇಲ್ಲ.

ದಿನಕ್ಕೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರಂತೆ. ಅತ್ತಿಗೆ ಟೋಪಿಯ ಅಂಚಿನಿಂದ ಹೊರಗೆ ಬಂದಿದ್ದಷ್ಟು ಕೂದಲನ್ನು ಬಾಚಿದರಂತೆ. “ಅವಳಿಗೇನ್ ಗೊತ್ತಾಯ್ತೋ ಇಲ್ವೋ,” ಅಂದರು ಫೋನಿನಲ್ಲಿ. ಆಮೇಲೆ ಇನ್ನೊಂದು ಹೇಳಿದರು. “ತಪ್ಪೆಲ್ಲ ನಂದೇ ಪುಟ್ಟಿ. ನೀನ್ ಅಷ್ಟು ಚೆನ್ನಾಗಿ ಮಾಡ್ಕೊಟ್ಟಿದ್ದೆ, ಸಂಜೆಗೇ ಸೇರೋ ಹಾಗೆ. ಈ ಹಾಳು ಕಾಲು... ನಿನ್ ಹೆಸರೂ ಕೆಡಿಸ್ದೆ.”

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. “ಹಾಗೆಲ್ಲ ಅನ್ಬೇಡಿ ಅತ್ತಿಗೆ” ಅಂದೆ. ಸುಳ್ಳಿಯೂ ಹೌದು, ಸಭ್ಯಸ್ಥೆಯೂ ಹೌದು.

ಯಜಮಾನರು ಪುಸ್ತಕ ನೆನಪಿಸಿದರು. ದಾರ ಹಿಡಿದು ಬಹಳ ಹೊತ್ತು ನಿಂತೆ. ಕಾರಣದ ಕಾಲಂನಲ್ಲಿ ಬರೆದೆ: ‘ಪ್ರಯಾಣಿಕರ ನಿಧಾನ ನಡಿಗೆ’.

ಅವರು ಕನ್ನಡಕ ಏರಿಸಿ ಓದಿದರು. “ಅಷ್ಟೇನಾ?”

“ಅಷ್ಟೇ.”

ಅವರು ಪುಸ್ತಕ ಮುಚ್ಚಿ ಕನ್ನಡಕ ಇಳಿಸಿದರು. ಸಿಸ್ಟಂ ಅಳಿಸಿದ್ದನ್ನೂ ಒಳಗೆ ಇಟ್ಟುಕೊಂಡಿರುತ್ತದೆ, ಗಂಟೆ ನಿಮಿಷದ ಸಮೇತ. ನೋಡಿದ್ದಾರೋ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವರು ಕೆಮ್ಮಿದರೂ ಬೆಚ್ಚುತ್ತೇನೆ.

ಏಪ್ರಿಲ್ 9, ಬುಧವಾರ

ನೀಲಿಬಾಲದ ಪತ್ರ ಬಂತು. ದಪ್ಪ ಕಾಗದ, ಬಂಗಾರದ ಅಂಚು. ಅಭಿನಂದನೆ. ಒಪ್ಪಿಗೆಯನ್ನು 30ರೊಳಗೆ ಕಳಿಸಬೇಕು.

ಡ್ರಾಯರಿನಲ್ಲಿ ಸ್ಟೇಪ್ಲರ್ ಕೆಳಗೆ ಇಟ್ಟೆ. ಹರಿಯಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು—ಹರಿಯಲಿಲ್ಲ. ಎರಡು ಸಲ ತೆಗೆದು ಓದಿದೆ. ನಾಚಿಕೆಗೆಟ್ಟವಳು.

ಏಪ್ರಿಲ್ 15, ಮಂಗಳವಾರ

ಅತ್ತಿಗೆಯ ವಾಪಸು ಪ್ರಯಾಣ ಬದಲಾಯಿಸಿದೆ. ನಡುವೆ ಐದು ಗಂಟೆ. ವೀಲ್‌ಚೇರ್ ಕೋಡ್ ಹಾಕಿದೆ, ಖಚಿತಪಡಿಸಿಕೊಳ್ಳಲು ಮೂರು ಸಲ ಫೋನ್ ಮಾಡಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಏಪ್ರಿಲ್ 22, ಮಂಗಳವಾರ

ಯಜಮಾನರು ಬಹುಮಾನದ ವಿಷಯ ಅಣ್ಣನಿಗೆ ಹೇಳಿಬಿಟ್ಟಿದ್ದಾರೆ. ಅಣ್ಣನ ಬಾಯಲ್ಲಿ ಏನು ನಿಲ್ಲುತ್ತದೆ? ಅತ್ತಿಗೆಯ ಫೋನ್.

“ನನ್ ಟಿಕೆಟ್ಟೂ ಸೇರಿ ಹನ್ನೆರಡಾಯ್ತಂತೆ? ಹೇಳ್ಲೇ ಇಲ್ವಲ್ಲೇ ಕಳ್ಳಿ! ಹೋಗ್ಲಿ, ನನ್ ಪ್ರಯಾಣದಿಂದ ಒಬ್ಬರಿಗಾದ್ರೂ ಒಳ್ಳೇದಾಯ್ತಲ್ಲ.”

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ಕೇಳಿಸ್ತಾ? ದಿನಾ ಬೆಳಿಗ್ಗೆ ನಡೀತಾ ಇದೀನಿ ಕಣೆ. ಮೊದ್ಲು ಬೀದಿ ಕೊನೆವರೆಗೂ ಆಗ್ತಿರ್ಲಿಲ್ಲ. ಈಗ ಪಾರ್ಕಿಗೆ ಎರಡು ಸುತ್ತು. ಬರೋವಾಗ ನಿನ್ ಪ್ಲೇನ್ ತಪ್ಪಿಸ್ಕೊಳಲ್ಲ, ನೋಡ್ತಿರು.”

ಅರವತ್ತೆರಡು ವರ್ಷದ ಹೆಂಗಸು. ಅಕ್ಕನನ್ನು ಕಳೆದುಕೊಂಡು, ನಾನು ಮಾಡಿದ್ದಕ್ಕೆ ತನ್ನ ಮೊಣಕಾಲಿಗೆ ಶಿಕ್ಷೆ ಕೊಡುತ್ತಿದ್ದಾರೆ.

ಏಪ್ರಿಲ್ 26, ಶನಿವಾರ, ಸಂಜೆ 6

ಎಲ್ಲರೂ ಹೋದ ಮೇಲೆ ಪುಸ್ತಕ ತೆಗೆದೆ. ‘ಪ್ರಯಾಣಿಕರ ನಿಧಾನ ನಡಿಗೆ’ ಹೊಡೆದುಹಾಕಿ ಕೆಳಗೆ ಬರೆದೆ: ‘ಬಹುಮಾನಕ್ಕೆ ಒಂದು ಟಿಕೆಟ್ ಕಡಿಮೆ ಇತ್ತು. ವೀಲ್‌ಚೇರ್ ಕೋಡ್ ನಾನೇ ತೆಗೆದೆ.’ ಸಹಿ ಹಾಕಿದೆ. ಪೆನ್ನು ಕಾಗದ ತೂತು ಮಾಡಿತು.

ತಿರುಗಿದರೆ ಯಜಮಾನರು, ಕೊಡೆ ಮರೆತು ವಾಪಸು ಬಂದಿದ್ದವರು. ಓದಿದರು. ಬೈಯುತ್ತಾರೆ ಎಂದುಕೊಂಡೆ. ಕೆಲಸ ಹೋಗುತ್ತದೆ ಎಂದೂ ಎಂದುಕೊಂಡೆ.

“ನಂಗೆ ಅವತ್ತೇ ಗೊತ್ತಿತ್ತು. ನೀನೇ ಬರೀಲಿ ಅಂತ ಸುಮ್ನಿದ್ದೆ,” ಅಂದರು. ಕೊಡೆ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತರು. “ಆದ್ರೆ ಇದನ್ನ ಓದ್ಬೇಕಾದೋರು ನಮ್ಮಂಗಡಿ ಪುಸ್ತಕ ಓದಲ್ಲವಲ್ಲಮ್ಮ.”

ನೀಲಿಬಾಲಕ್ಕೆ ಬರೆದು ಹಾಕಿದೆ, ಬರುವುದಿಲ್ಲ ಅಂತ. ಇದರಿಂದ ಯಾರಿಗೂ ಏನೂ ವಾಪಸು ಸಿಗುವುದಿಲ್ಲ, ಗೊತ್ತು.

ನಾಳೆ ಅತ್ತಿಗೆ ಬಂದಿಳಿಯುತ್ತಾರೆ, ಹೇಳುತ್ತೇನೆ. ಕಾರಿನಲ್ಲಿ ಅಲ್ಲ, ಅಣ್ಣನೆದುರು ಅಲ್ಲ. ಏರ್‌ಪೋರ್ಟಿನಲ್ಲೇ, ಮೊದಲ ಮಾತೇ ಅದು. ಎರಡನೆಯ ಮಾತಿಗೆ ಬಿಟ್ಟರೆ ನನ್ನ ಮೇಲೆ ನನಗೆ ನಂಬಿಕೆಯಿಲ್ಲ.

ಏಪ್ರಿಲ್ 27, ಭಾನುವಾರ, ಬೆಳಿಗ್ಗೆ 9.15, ಏರ್‌ಪೋರ್ಟ್

ವಿಮಾನ ಇಳಿದಿದೆ. ಅಣ್ಣ ಕಾರು ನಿಲ್ಲಿಸಲು ಹೋದವನು ಇನ್ನೂ ಬಂದಿಲ್ಲ. ಒಳ್ಳೆಯದೇ ಆಯಿತು. ಕಂಬಿಗೆ ಡೈರಿ ಊರಿ ಬರೆಯುತ್ತಿದ್ದೇನೆ. ಸುಮ್ಮನೆ ನಿಂತರೆ ಓಡಿಹೋಗುವ ಹಾಗಾಗುತ್ತದೆ.

‘ಅತ್ತಿಗೆ, ತಪ್ಪು ನಿಮ್ಮ ಕಾಲಿನದಲ್ಲ.’ ಇಷ್ಟು ಸಾಕು ಶುರುವಿಗೆ. ಹತ್ತು ಸಲ ಹೇಳಿಕೊಂಡೆ. ಪಕ್ಕದ ಡ್ರೈವರ್ ವಿಚಿತ್ರವಾಗಿ ನೋಡುತ್ತಿದ್ದಾನೆ.

ಗಾಜಿನ ಬಾಗಿಲು ತೆರೆಯಿತು. ಯಾರೋ ಸೂಟಿನವರು. ಮತ್ತೆ ತೆರೆಯಿತು. ವೀಲ್‌ಚೇರ್ ತಳ್ಳುವವನು.

ಕುರ್ಚಿ ಖಾಲಿ. ಅದರ ಮೇಲೆ ಅವರ ಕೈಚೀಲ ಮಾತ್ರ.

ಪಕ್ಕದಲ್ಲಿ ನಡೆದು ಬರುತ್ತಿದ್ದಾರೆ. ಒಂದೊಂದೇ ಹೆಜ್ಜೆ ಇಡುತ್ತ, ತುಟಿ ಕಚ್ಚಿಕೊಂಡು, ಇಳಿದು ಅರ್ಧವಾಗಿದ್ದಾರೆ. ನನ್ನನ್ನು ಕಂಡರು. ಕಾಲು ತೋರಿಸಿ ನಗುತ್ತಿದ್ದಾರೆ—ನೋಡಿದೆಯಾ ಎನ್ನುವ ಹಾಗೆ. ಕೈಯಲ್ಲಿ ಏನೋ ನೀಲಿ. ಕುತ್ತಿಗೆ ದಿಂಬು, ವಿಮಾನದಲ್ಲಿ ಹಾಕಿಕೊಳ್ಳುವಂಥದ್ದು. ಹೊಸದು. ಚೀಟಿಯನ್ನೂ ಕಿತ್ತಿಲ್ಲ.

ನನಗೆ. ನನ್ನ ಪ್ರವಾಸಕ್ಕೆ.

ಬಂದೇ ಬಿಟ್ಟರು. ಅದನ್ನು ನನ್ನ ಕೊರಳಿಗೆ ಹಾಕುವ ಮೊದಲು ನಾನು