ನಾಲ್ಕು ಪಾಲಿನ ಪೊಟ್ಟಣ

ಮನೆಯಿಂದ,
ಮಾರ್ಚ್ ೮, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಹೊಸ ಮನೆಗೆ ಮೆಟ್ಟಿಲು ಜಾಸ್ತಿ ಎಂದು ಬರೆದಿದ್ದೆ. ಒಂದೊಂದೇ ಹತ್ತು, ನಿನ್ನನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ನಿನ್ನ ಯಜಮಾನರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದ್ದಕ್ಕೆ ಚೆನ್ನಾಗಿ ಬೈದುಕೋ. ಐವತ್ತೆರಡನೇ ವಯಸ್ಸಿನಲ್ಲಿ ಮದುವೆಯಾದ ಮಾತ್ರಕ್ಕೆ ತಮ್ಮನನ್ನು ಬೈಯುವ ಹಕ್ಕೇನೂ ಹೋಗುವುದಿಲ್ಲ.

ನಾನು ಚೆನ್ನಾಗಿದ್ದೇನೆ ಎಂದಷ್ಟೇ ಬರೆದು ಮುಗಿಸೋಣವೆಂದು ಕೂತೆ. ಆದರೆ ನಿನಗೆ ಸುಳ್ಳು ಹೇಳಿ ದಕ್ಕಿಸಿಕೊಂಡದ್ದು ನನಗೆ ನೆನಪಿಲ್ಲ. ನೀನು ಹೋಗುವಾಗ ಅಡುಗೆಮನೆ ಗೋಡೆಗೆ ಅಂಟಿಸಿದ ಚೀಟಿ ಹಾಗೇ ಇದೆ: "ನಿನಗೆ ಬಿ.ಪಿ. ಇದೆ. ಏನು ಕೊಂಡರೂ ಹಿಂಬದಿ ಓದು. ದಿನಕ್ಕೆ ಸೋಡಿಯಂ ಎರಡು ಸಾವಿರ ಮಿಲಿಗ್ರಾಂ ದಾಟಬಾರದು." ಓದಿದೆ ಅಕ್ಕಾ. ಗಡಿಯಾರ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ದಿನಸಿ ಅಂಗಡಿಯಲ್ಲೇ ನಿಂತು ಓದಿದೆ. "ಏನ್ ಸಾರ್, ಪೊಟ್ಟಣದೊಳಗೆ ಮುಳ್ಳು ನಿಂತೋಯ್ತಾ?" ಎಂದು ಅಂಗಡಿಯವನು ಕಿಚಾಯಿಸಿದ. ದಿಢೀರ್ ಸೂಪಿನ ಪೊಟ್ಟಣದ ಮೇಲೆ ಸೋಡಿಯಂ ಮುನ್ನೂರ ತೊಂಬತ್ತು ಎಂದಿತ್ತು. ಮಧ್ಯಾಹ್ನ ಒಂದು, ರಾತ್ರಿ ಒಂದು, ಎರಡೂ ಸೇರಿದರೂ ಎಂಟುನೂರು ಮುಟ್ಟದು. ನಿನಗಿಂತ ನಾನೇ ಜಾಣನೆಂದು ಬೀಗಿದೆ. ತರಕಾರಿ ತರುವುದನ್ನು ಬಿಟ್ಟೇಬಿಟ್ಟೆ, ಬದನೆಕಾಯಿಗೆ ಓದಲು ಹಿಂಬದಿಯೇ ಇಲ್ಲವಲ್ಲ!

ಒಂದೂವರೆ ತಿಂಗಳಿಗೆ ಚಪ್ಪಲಿ ಕಾಲಿಗೆ ಹೋಗದಾಯಿತು. ಚಪ್ಪಲಿಯನ್ನೇ ಬೈದುಕೊಂಡು ವಾರ ಕಳೆದೆ, ಆಮೇಲೆ ಆಸ್ಪತ್ರೆಗೆ ಹೋದೆ. ನರ್ಸಮ್ಮ ಬಿ.ಪಿ. ನೋಡಿ, ನಂಬಿಕೆ ಬಾರದೆ ಇನ್ನೊಮ್ಮೆ ಪಟ್ಟಿ ಸುತ್ತಿದರು. "ಏನ್ ತಿಂತೀರೋ ಅದನ್ನ ತಂದು ತೋರ್ಸಿ" ಎಂದರು. ಮಾರನೆಯ ದಿನ ಪೊಟ್ಟಣ ಒಯ್ದೆ. ಅಂಕಿಯ ಮೇಲಿನ ಸಾಲಿಗೆ ಬೆರಳಿಟ್ಟರು: ಒಂದು ಪಾಲಿಗೆ. ಅದರ ಮೇಲೆ: ಒಟ್ಟು ಪಾಲು ನಾಲ್ಕು. "ಇದು ನಾಲ್ಕು ಜನಕ್ಕೆ ರೀ. ಮನೇಲಿ ಎಷ್ಟ್ ಜನ ಇದೀರಿ?" ನಾನು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡೆ. ಚಕ್ರದ ಹಲ್ಲು ಎಣಿಸುವ ಕಣ್ಣಿಗೆ ಆ ಸಾಲು ಕಾಣದೆ ಹೋಯಿತೆಂದಲ್ಲ, ಕಂಡಿತ್ತು. ನನಗೆ ಸಂಬಂಧಪಟ್ಟದ್ದಲ್ಲ ಎಂದುಕೊಂಡಿದ್ದೆ. ದಿನಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಸೋಡಿಯಂ ಕುಡಿದಿದ್ದೇನೆ.

ಈಗ ಮಾತ್ರೆ ಬದಲಾಗಿದೆ, ಕಾಲಿನ ಊತ ಇಳಿಯುತ್ತಿದೆ. ಪೊಟ್ಟಣವಿಲ್ಲದ ಪದಾರ್ಥಗಳಲ್ಲಿ ಏನೇನಿದೆ ಎಂದು ತಿಳಿಸುವ ಪುಸ್ತಕವೊಂದು ಗ್ರಂಥಾಲಯದಲ್ಲಿ ಸಿಕ್ಕಿತು. ಬದನೆಕಾಯಿಯೂ ಅದರಲ್ಲಿದೆ, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆಯಂತೆ. ಪುಸ್ತಕವಿಲ್ಲದೆ ನಿನಗೆ ಇದೆಲ್ಲ ಹೇಗೆ ಗೊತ್ತಿತ್ತೋ! ಈಗ ನಾನೇ ಬೇಯಿಸುತ್ತೇನೆ. ಎಷ್ಟು ಕಡಿಮೆ ಹಾಕಿದರೂ ಇಬ್ಬರಿಗಾಗುವಷ್ಟು ಆಗಿಬಿಡುತ್ತದೆ. ಧೂಳು ಕೂರಬಾರದೆಂದು ನಿನ್ನ ತಟ್ಟೆಯನ್ನೂ ತೊಳೆದಿಡುತ್ತೇನೆ. ಮನೆ ಬಿಕೋ ಅನ್ನುತ್ತದೆ ಅಕ್ಕಾ. ಅಂಗಡಿಯಲ್ಲಾದರೆ ಇಪ್ಪತ್ತು ಗಡಿಯಾರಗಳ ಸದ್ದಿರುತ್ತದೆ, ಇಲ್ಲಿ ಅದೂ ಇಲ್ಲ.

ನೀನು ಮದುವೆಯಾಗಿ ಹೊರಟ ದಿನ ಅವರು ನನ್ನ ಅಂಗಡಿಯೊಳಗೆ ಬಂದು ಕುಲುಕಲೆಂದು ಕೈ ಚಾಚಿದರು. ನಾನು ಯಾರದೋ ಗಡಿಯಾರದ ಮೇಲೆ ಬಗ್ಗಿಯೇ ಇದ್ದೆ. ಆ ಗಡಿಯಾರಕ್ಕೆ ಏನೂ ಆಗಿರಲಿಲ್ಲ, ಸರಿಯಾಗಿಯೇ ನಡೆಯುತ್ತಿತ್ತು. ಇದನ್ನು ಅವರಿಗೂ ಓದಿ ಹೇಳು. ಇಬ್ಬರಿಗೂ ನನ್ನ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ
ಮೊಂಡ

ಮರೆತ ಮಾತು: ಅಂಚೆಯವನು ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಬರುವ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ನನ್ನ ಮೂತ್ರಪಿಂಡದ ಪರೀಕ್ಷೆ. ಭಯವಾಗುತ್ತಿದೆ. ಜೊತೆಗೆ ಮನೆಯವರು ಬರಬೇಕಂತೆ. ಫಾರಂನಲ್ಲಿ ನಿನ್ನ ಹೆಸರು ಬರೆದೆ. ಕೆಳಗೆ ಇನ್ನೊಬ್ಬರಿಗೆ ಜಾಗವಿತ್ತು, ಅವರ ಹೆಸರನ್ನೂ ಬರೆದೆ. ಸಂಬಂಧ ಎಂದಿರುವಲ್ಲಿ 'ಭಾವ' ಎಂದು ತುಂಬಿದ್ದೇನೆ. ಇಬ್ಬರೂ ಬನ್ನಿ, ಊಟಕ್ಕೆ ನಿಲ್ಲಿ. ಮೂರು ಪಾಲು ಬೇಯಿಸಿರುತ್ತೇನೆ. ಭಾವನಿಗೆ ಉಪ್ಪು ಬೇರೆ ಬಟ್ಟಲಲ್ಲಿ ಇಟ್ಟಿರುತ್ತೇನೆ.