ಆಮೆನ್ ಅನ್ನದ ಪ್ರಾರ್ಥನೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಹಾಲು ಕುಡಿಸಿದ್ದಾಯಿತು. ತೇಗು ಬಂತು. ಜೊತೆಗೆ ಅರ್ಧ ಹಾಲು ನನ್ನ ಭುಜದ ಮೇಲೆ ವಾಪಸ್ಸೂ ಬಂತು. ಕೂಸು ಮಲಗಿದೆ — ನಮ್ಮ ಮನೆಯ ದೊರೆಸಾನಿ. ನಾನು ಮಾತ್ರ ಮಲಗುವಂತಿಲ್ಲ. ಅವಳ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿರಬೇಕಲ್ಲ. ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರಿದೆ. ಮತ್ತೆ ಇಟ್ಟೆ. ಎಚ್ಚರವಾಗಿಬಿಟ್ಟಳು. ಸರಿ... ಮೊದಲಿನಿಂದ ಶುರು.

ಎಂ.ಎಸ್ಸಿ. ಮಾಡಿದವಳು. ನಾನು ಕಣ್ಣು ಮುಚ್ಚಿದರೆ ಮಗುವಿನ ಉಸಿರು ನಿಲ್ಲುವುದಿಲ್ಲ ಎಂದು ಬುದ್ಧಿಗೆ ಗೊತ್ತು. ಬುದ್ಧಿಯ ಮಾತನ್ನು ಕಣ್ಣು ಕೇಳಬೇಕಲ್ಲ.

ಇವರು ಕೈ ಚಾಚಿದರು. "ಸ್ವಲ್ಪ ಹೊತ್ತು ಕೊಡೇ, ನೀನು ಮಲ್ಕೋ." ಕೊಟ್ಟೆ. ಮಲಗಿದೆ, ಕಣ್ಣು ಬಿಟ್ಟುಕೊಂಡೇ.

"ಕತ್ತು ಹಿಡ್ಕೊಳ್ಳಿ."

"ಹಿಡ್ಕೊಂಡಿದೀನಿ."

"ಇನ್ನೂ ಸ್ವಲ್ಪ ಮೇಲೆ..."

"ಇಡೀ ಚರ್ಚನ್ನ ನಂಬಿ ನನ್ನ ಕೈಗೆ ಕೊಟ್ಟಿದಾರೆ ಮಾರಾಯ್ತಿ!"

ವಾಪಸ್ ತೆಗೆದುಕೊಂಡೆ.

ಮಾರ್ಚ್ 5, ಬುಧವಾರ

ನಾಳೆ ಸ್ತ್ರೀಯರ ಕೂಟ ನಮ್ಮ ಮನೆಯಲ್ಲಿ. ಪಾಸ್ಟರ್ ಹೆಂಡತಿ ಎಂದ ಮೇಲೆ ಸಂದೇಶ ನಾನೇ ಕೊಡಬೇಕಂತೆ. ವಿಷಯ — ಸೇವೆ. ಹೊಸ ಊರು, ಹೊಸ ಮುಖಗಳು. ಮೊದಲ ಸಲವೇ ಎಡವಿದರೆ? ಬೈಬಲಿನಲ್ಲಿ ಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ ಭಾಗ ತೆಗೆದು ಕೂತೆ. ಎರಡು ಸಾಲು ಬರೆಯುವಷ್ಟರಲ್ಲಿ ಅಳು. ಮೂರನೆಯ ಸಾಲು ಈಗ ನೋಡಿದರೆ, "ಡೈಪರ್ ತರಬೇಕು".

ಪಾತ್ರೆ ಸೋಪಿನಲ್ಲಿ ತಲೆ ತೊಳೆದುಕೊಂಡೆ. ನೊರೆ ಚೆನ್ನಾಗಿಯೇ ಬಂತು.

ಮಾರ್ಚ್ 6, ಗುರುವಾರ. ಸಂಜೆ

ನಗಬೇಕೋ ಮುಖ ಮುಚ್ಚಿಕೊಳ್ಳಬೇಕೋ ತಿಳಿಯುತ್ತಿಲ್ಲ.

ಹೆಂಗಸರೆಲ್ಲ ಬಂದರು. ಬಾಗಿಲಲ್ಲೇ ಹೊಲಿಗೆ ಅಂಗಡಿಯ ಟೇಲರಮ್ಮ, "ಕೊಡಿ ಅಮ್ಮಾವ್ರೆ ಮಗೂನ. ನಾಲ್ಕು ಹೆತ್ತೋಳು ನಾನು."

"ಬೇಡಿ, ಹೊಸಬರನ್ನ ಕಂಡ್ರೆ ಅಳ್ತಾಳೆ." ಸುಳ್ಳು. ದೊರೆಸಾನಿ ಅವರನ್ನು ನೋಡಿ ಬೊಚ್ಚುಬಾಯಿ ತುಂಬ ನಕ್ಕಳು.

"ಹೌದೌದು, ಎಷ್ಟು ಅಳ್ತಿದಾಳೆ ಪಾಪ!"

ಹಾಡಾಯಿತು. ಸಂದೇಶಕ್ಕೆ ಮೊದಲು ಪ್ರಾರ್ಥನೆ. ಟೀಚರಮ್ಮ — ರಿಟೈರಾದವರು, ಕೂಟಕ್ಕೆ ಹಿರಿಯರು — ಶುರು ಮಾಡಿದರು. ಎಲ್ಲರೂ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಅಷ್ಟೇ ನೆನಪು.

ಎಚ್ಚರವಾದಾಗ ಬಿಸಿಲು ಎದುರು ಗೋಡೆಗೆ ಸರಿದಿತ್ತು. ತಲೆಯ ಕೆಳಗೆ ದಿಂಬು, ಮೈಮೇಲೆ ಹೊದಿಕೆ. ಪ್ರಾರ್ಥನೆ ಇನ್ನೂ ನಡೆಯುತ್ತಿದೆ! ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಜೋಗುಳದಷ್ಟು ಮೆತ್ತಗೆ, "...ಕರ್ತನೇ, ನಮ್ಮ ಬೀದಿಯ ಬೆಕ್ಕುಗಳನ್ನೂ ಆಶೀರ್ವದಿಸು... ನನಗೆ ಮಗ್ಗಿ ಕಲಿಸಿದ ಮಿಸ್ಸನ್ನೂ..."

ತೊಡೆಯ ಮೇಲಿದ್ದ ಕೂಸಿಲ್ಲ. ದಡಕ್ಕನೆ ಎದ್ದು ಕೂತೆ. "ಮಗು ಎಲ್ಲಿ?"

ಟೇಲರಮ್ಮನ ಹೆಗಲ ಮೇಲೆ. ಗಾಢ ನಿದ್ದೆ. ಬೆನ್ನು ಏರುತ್ತಿದೆ, ಇಳಿಯುತ್ತಿದೆ... ನಾನು ನೋಡದೆಯೂ ಅದು ನಡೆದೇ ಇತ್ತು.

"ಎದ್ರಾ? ಸದ್ಯ! ನಂಗೆ ಕೇಳ್ಕೊಳ್ಳೋಕೆ ಇನ್ನೇನೂ ಉಳಿದಿರ್ಲಿಲ್ಲ" ಎಂದಳು ಬ್ಯಾಂಕಿನವಳು. "ಆಮೆನ್!"

"ಆಮೆನ್!" — ಎಲ್ಲರೂ ಒಟ್ಟಿಗೆ. ಕಿಟಕಿ ಗಾಜು ಅದುರಿತು. ಬೀದಿಯ ನಾಯಿ ಬೊಗಳಿತು.

"ನೋಡಿದ್ರಲ್ಲ ನಮ್ಮ ಆಮೆನ್ನು?" ಟೀಚರಮ್ಮ ನಕ್ಕರು. "ನಾನು ಮುಗಿಸೋ ಹೊತ್ತಿಗೆ ನಿಮ್ಮ ಗೊರಕೆ ಕೇಳಿಸ್ತು. ಆಮೆನ್ ಅಂದ್ರೆ ನೀವು ಎದ್ದೇಬಿಡ್ತೀರಿ. ಅದಕ್ಕೇ ಪಕ್ಕದೋಳನ್ನ ತಿವಿದೆ, ಮುಂದುವರ್ಸು ಅಂತ. ಅವಳು ಇನ್ನೊಬ್ಬಳನ್ನ."

ಸರದಿ ಮುಗಿದವರು ಸದ್ದಿಲ್ಲದೆ ಪಾತ್ರೆ ತೊಳೆದಿದ್ದರು. ಕೂಸಿನ ಬಟ್ಟೆ ಒಗೆದು ಒಣಹಾಕಿದ್ದರು.

"ಸಂದೇಶ..." ಎಂದೆ. "ಸೇವೆ ಬಗ್ಗೆ..."

"ಅದು ಆಮೇಲೆ" ಎಂದರು ಟೇಲರಮ್ಮ. "ಮೊದ್ಲು ಒಂದು ಬಟ್ಟೆ ಕೊಡಿ. ನಿಮ್ಮ ಮಗಳು ನನ್ನ ಬೆನ್ನಿಗೆ ಅಭಿಷೇಕ ಮಾಡಿದಾಳೆ."

ಮಾರ್ಚ್ 7, ಶುಕ್ರವಾರ

ಇವರಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. "ನನ್ನ ಭಾನುವಾರದ ಪ್ರಸಂಗದಲ್ಲೂ ಜನ ನಿದ್ದೆ ಮಾಡ್ತಾರಪ್ಪ. ಯಾರೂ ಹೊದಿಕೆ ಹೊದ್ಸಲ್ಲ."

ಆ ಭಾಗ ಮತ್ತೆ ಓದಿದೆ. ಬೇಡ ಬೇಡ ಎಂದು ಕಾಲು ಹಿಂದಕ್ಕೆಳೆದುಕೊಳ್ಳುವ ಶಿಷ್ಯನೊಬ್ಬನಿದ್ದಾನಲ್ಲ... ಇಷ್ಟು ದಿನ ಕಾಲು ತೊಳೆಯುವುದರ ಬಗ್ಗೆಯೇ ಯೋಚಿಸುತ್ತಿದ್ದೆ. ಕಾಲು ಚಾಚುವುದೂ ಸುಲಭವಲ್ಲ.

ಮಧ್ಯಾಹ್ನ ಮತ್ತೆ ಕಣ್ಣು ಬಿಟ್ಟುಕೊಂಡೇ ಮಲಗಿದೆ. ಅರಿವಿಲ್ಲದೆ ನಿದ್ದೆ ಹೋಗುವುದು ಬೇರೆ. ಮಗುವನ್ನು ಇನ್ನೊಬ್ಬರ ಕೈಗಿಟ್ಟು, ತಿಳಿದೂ ತಿಳಿದೂ ಕಣ್ಣು ಮುಚ್ಚುವುದು — ಅದು ಬೇರೆ.

ಮಾರ್ಚ್ 19, ಬುಧವಾರ. ಮಧ್ಯಾಹ್ನ

ಟೇಲರಮ್ಮ ಊಟದ ಹೊತ್ತಿಗೆ ಅಂಗಡಿ ಮುಚ್ಚಿ ಬಂದರು. ಈ ಸಲ ಅವರು ಕೇಳಲಿಲ್ಲ. ನಾನೇ ಚಾಚಿದೆ. "ತಗೊಳ್ಳಿ."

ಅವರೊಮ್ಮೆ ನನ್ನ ಮುಖ ನೋಡಿದರು. ತೆಗೆದುಕೊಂಡರು.

"ಕತ್ತು..."

"ಹಿಡ್ಕೊಂಡಿದೀನಿ ತಾಯಿ. ನಿಮ್ಮ ಕತ್ತನ್ನೂ ಹಿಡ್ಕೋಬೇಕಾ?"

ಜಗಲಿಗೆ ಹೋದರು. ಹಾಡುತ್ತಿದ್ದಾರೆ, ರಾಗ ಒಂದು ಕಡೆ, ಅವರೊಂದು ಕಡೆ. ದೊರೆಸಾನಿಯ ಕೇಕೆ ಇಲ್ಲಿಗೂ ಕೇಳುತ್ತಿದೆ. ಒಮ್ಮೆ ಇಣುಕಿ ಬರಲೇ? ಎದ್ದೆ... ಇಲ್ಲ. ಕೂತೆ. ಈಗ ಕೇಕೆಯೂ ನಿಂತಿತು. ನಿಲ್ಲಲಿ, ನಿದ್ದೆ ಬಂದಿರಬೇಕು.

ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಂಪಟ್ಟ, ಕಣ್ಣು ಎಳೆಯುತ್ತಿದೆ. ಬ್ಯಾಂಕಿನ ಹುಡುಗಿಗೆ ಜ್ವರವಂತೆ, ಒಬ್ಬಳೇ ಇದ್ದಾಳೆ. ಎದ್ದ ಮೇಲೆ ಏನಾದರೂ ಬಿಸಿಬಿಸಿ ಮಾಡಿಕೊಂಡು, ಕೂಸನ್ನೂ ಎತ್ತಿಕೊಂಡು ಅವಳ ಮನೆಗೆ...